ಚಿಗವ್ವನ ಗುಳಿಗೆ

ಫಿನಾಯಿಲ್ ವಾಸನೆ ಬಂದರೆ ಈಗಲೂ ನನಗೆ ಸರ್ಕಾರಿ ದವಾಖಾನೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಮನಸ್ಸಿನ ಕಾಯಿಲೆಯ ಗುಳಿಗೆ ನುಂಗುತ್ತಿದ್ದಾಗ ಅವ್ವನ ತಂಗಿ ಚಿಗವ್ವ ಚೆನ್ನಾಗಿಯೇ ಇದ್ದಳು, ನನಗೆ ಜಡೆ ಹಾಕುತ್ತಿದ್ದಳು. ಆಮೇಲೆ ದವಾಖಾನೆಗೆ ಆ ಗುಳಿಗೆ ಬರುವುದು ನಿಂತಿತು. ಅವಳ ನಿದ್ದೆ ಕೆಟ್ಟಿತು, ಗೋಡೆಯ ಜೊತೆ ಮಾತು ಶುರುವಾಯಿತು. ಒಂದು ದಿನ ಮನೆ ಬಿಟ್ಟು ಹೋದವಳು ನರಗುಂದದ ಕಾಲುವೆ ದಂಡೆಯಲ್ಲಿ ಸಿಕ್ಕಳು. ಅಜ್ಜಿ ಅಳುತ್ತಲೇ ಅವಳ ಕಾಲನ್ನು ಕಂಬಕ್ಕೆ ಕಟ್ಟಿದಳು.

ಮರುದಿನ ಅವ್ವ ಹಗ್ಗ ಬಿಚ್ಚಿ, ಚಿಗವ್ವನನ್ನೂ ನನ್ನನ್ನೂ ಕರೆದುಕೊಂಡು ದವಾಖಾನೆಗೆ ಹೋದಳು.

“ಇಲ್ಲಿ ಸ್ಟಾಕ್ ಇಲ್ಲ. ಧಾರವಾಡಕ್ಕ ಹೋಗ್ರಿ,” ಎಂದರು ಡಾಕ್ಟರು.

“ತಿಂಗಳಾ ತಿಂಗಳಾ ಅಷ್ಟು ದೂರ ಹ್ಯಾಂಗ ಹೋಗೂದ್ರಿ? ಇಲ್ಲೇ ತರಿಸಿ ಕೊಡ್ರಿ. ಅಲ್ಲೀತನಕ ನಾವು ಏಳಂಗಿಲ್ಲ.”

ಅವ್ವ ಬಾಗಿಲಲ್ಲೇ ಕುಳಿತಳು. ಮಗನಿಗೆ ಅದೇ ಗುಳಿಗೆ ಬೇಕಾಗಿದ್ದ ಬೆಳವಣಕಿಯ ಅಮೀನಮ್ಮ ಬಂದು ಪಕ್ಕದಲ್ಲಿ ಕುಳಿತಳು. ನೋಡನೋಡುತ್ತ ಬಾಗಿಲು ಜನರಿಂದ ತುಂಬಿತು. ಡಾಕ್ಟರು ಒಳಗೆ ಹೋಗಿ ಫೋನಿನ ಮೇಲೆ ಫೋನು ಮಾಡಿದರು.

ಸಂಜೆ ಗದಗಿನಿಂದ ಜೀಪಿನಲ್ಲಿ ಗುಳಿಗೆ ಡಬ್ಬಿಗಳು ಬಂದವು. ಅವ್ವ ಏಳುವ ಮೊದಲೇ ಚಿಗವ್ವ ಎದ್ದು, ಸೆರಗು ಸರಿಮಾಡಿಕೊಂಡು, ಗುಳಿಗೆ ಕೊಡುವ ಕಿಟಕಿಯೊಳಗೆ ಕೈ ಚಾಚಿದಳು.

“ನನ್ನ ಗುಳಿಗಿ ಕೊಡ್ರಿ. ಮುಂದಿನ ತಿಂಗಳೂ ನಾನ ಬರ್ತೇನಿ.”

ಬಂದಳು. ಚಳಿಗಾಲದ ಹೊತ್ತಿಗೆ ಅಮೀನಮ್ಮನ ಮಗನನ್ನೂ ಕೈಹಿಡಿದು ತಾನೇ ಕರೆತರುತ್ತಿದ್ದಳು.