ಇನ್ನೊಂದು ವರ್ಷ ಡ್ರಿಪ್

"ಡಾಕ್ಟ್ರು ಎಂತ ಅಂದ್ರೇ?" ಎಂದು ಅತ್ತೆ ಗಿರಿಯಮ್ಮ ಕೇಳಿದಾಗ ಪ್ರೇಮಕ್ಕನ ಬಾಯಲ್ಲಿ ಕಡುಬಿತ್ತು. ಅದನ್ನು ನುಂಗುವಷ್ಟರಲ್ಲಿ ಸುಳ್ಳು ಸಿದ್ಧವಾಯಿತು.

"ಹೊಸದೇನಿಲ್ಲ ಅತ್ತೆ. ಡ್ರಿಪ್ ಕೊಡ್ತಾ ಹೋಗಾದು ಅಂದ್ರು."

ಗಿರಿಯಮ್ಮ "ಅಯ್ಯೋ ದೇವ್ರೆ" ಎಂದು ನರಳಿ, ಸೊಂಟ ಹಿಡಿದುಕೊಂಡು, ಇನ್ನೆರಡು ಕಡುಬು ತರಲು ಒಳಗೆ ನಡೆದರು.

ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದೇ ಬೇರೆ. ಗಂಡ ಪ್ರಕಾಶ ಕಾರು ನಿಲ್ಲಿಸುವ ಜಾಗಕ್ಕಾಗಿ ಹೊರಗೆ ಯಾರೊಂದಿಗೋ ಜಗಳವಾಡುತ್ತಿದ್ದುದರಿಂದ ಅದನ್ನು ಕೇಳಿಸಿಕೊಂಡವಳು ಪ್ರೇಮಕ್ಕ ಒಬ್ಬಳೇ. "ಡ್ರಿಪ್ ಶುರುಮಾಡಿ ಎರಡು ವರ್ಷ ಆಯ್ತು. ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲ. ನಿಲ್ಲಿಸಬಹುದು. ಈ ಇಮ್ಯುನೋಥೆರಪಿ ಅನ್ನೋದು ನಿಮ್ಮ ಮೈಯ ಕಾವಲು ನಾಯಿಯನ್ನೇ ಕ್ಯಾನ್ಸರ್ ಮೇಲೆ ಛೂ ಬಿಟ್ಟ ಹಾಗೆ. ವಾಸನೆ ಹಿಡಿಯೋಕೆ ಕಲಿತ ನಾಯಿ ಔಷಧಿ ನಿಲ್ಲಿಸಿದ ಮೇಲೂ ಕಾಯ್ತಿರತ್ತೆ. ಕೊಡ್ತಾನೇ ಇದ್ದರೆ ಹೆಚ್ಚು ಲಾಭ ಅಂತ ಖಾತ್ರಿ ಇಲ್ಲ, ನಿಮ್ಮನ್ನೇ ಕಚ್ಚಿದರೂ ಕಚ್ಚಬಹುದು. ಥೈರಾಯ್ಡನ್ನು ಕಚ್ಚಿ ಆಗಿದೆ. ಮುಂದೆ ಕರುಳೋ, ಲಿವರೋ. ಹಾಗಂತ ನಿಲ್ಲಿಸಿದರೆ ರೋಗ ತಿರುಗಿ ಬರೋದೇ ಇಲ್ಲ ಅಂತಲೂ ನಾನು ಹೇಳೋದಿಲ್ಲ. ಮನೆಯಲ್ಲಿ ಮಾತಾಡಿ, ಶುಕ್ರವಾರದೊಳಗೆ ತಿಳಿಸಿ."

ರೋಗ ಬೆಳೆದದ್ದೇ ಒಂದು ದಡ್ಡತನದಿಂದ. ಮೆಣಸೆ ಊರಿನ ತವರಿನಲ್ಲಿ ಅಡಿಕೆ ಬೇಯಿಸುವ ಹೊತ್ತಿಗೆ ಹೋಗಿಬಂದವಳು, ಅಂಗಾಲಿನ ಕಪ್ಪು ಕಲೆಯನ್ನು ಅಡಿಕೆ ಬೆಂದ ಕಪ್ಪು ನೀರಾದ ಚೊಗರನ್ನು ತುಳಿದದ್ದರಿಂದ ಆದದ್ದೆಂದುಕೊಂಡು ವರ್ಷವಿಡೀ ಹುಣಸೆಹಣ್ಣು ಹಾಕಿ ಉಜ್ಜಿದ್ದಳು. ಆ ಚೊಗರಿಗೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಹೆಸರು ಬರುವಷ್ಟರಲ್ಲಿ ಅದು ತೊಡೆಸಂದಿಯ ಗಂಟು ದಾಟಿ ಶ್ವಾಸಕೋಶ ಸೇರಿತ್ತು. ಮಗಳು ನಿಶ್ಚಿತಾಳ ಬ್ಯಾಂಕಿನ ವಿಮೆ ಇಲ್ಲದಿದ್ದರೆ ಈ ಕಡುಬು ಪ್ರೇಮಕ್ಕನ ತಿಥಿಯ ಎಲೆಯ ಮೇಲಿರುತ್ತಿತ್ತು.

ಆದರೆ ರೋಗದ ಬೆನ್ನಿಗೇ ರಾಜಯೋಗವೂ ಬಂದಿತ್ತು. ನರಸಿಂಹರಾಜಪುರದ ಈ ಮನೆಗೆ ಸೊಸೆಯಾಗಿ ಬಂದ ತಿಂಗಳಲ್ಲೇ "ನೀವು ಕೂತ್ಕಳಿ ಅತ್ತೆ" ಎಂದು ಸೌಟು ಕಿತ್ತುಕೊಂಡವಳು ಪ್ರೇಮಕ್ಕ. ಆಮೇಲೆ ಮೂವತ್ತು ವರ್ಷ ಗಿರಿಯಮ್ಮ ಒಂದು ಲೋಟ ನೀರನ್ನೂ ಕಾಯಿಸಿಕೊಂಡವರಲ್ಲ. ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತ, ಒಳಗಿನ ಒಗ್ಗರಣೆಗೆ ಮೂಗರಳಿಸಿ "ಕರಿಬೇವು ಸೀದೋಯ್ತು" ಎನ್ನುವುದಷ್ಟೇ ಅವರ ಪಾಲಿಗೆ ಉಳಿದಿದ್ದ ಅಡುಗೆ. ಇಂಥ ಸೊಸೆ ಯಾರಿಗುಂಟು ಎಂದು ಬೀದಿಯೇ ಹೊಗಳುತ್ತಿತ್ತು.

ಈಗ ಹಾಸಿಗೆಗೇ ಕಾಫಿ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಕಳಲೆ ಪಲ್ಯ, ಭಾನುವಾರ ಏಡಿ ಸಾರು. ಎಪ್ಪತ್ತೆಂಟರ ಮುದುಕಿ ಒಲೆಯ ಮುಂದೆ ನರಳಿದಾಗಲೆಲ್ಲ ಪ್ರೇಮಕ್ಕನ ಕಿವಿಗೆ ಓಲಗ ಊದಿದಂತಾಗುತ್ತಿತ್ತು. ಪಾಪಪ್ರಜ್ಞೆಯೂ ಆಗುತ್ತಿತ್ತು, ಆದರೆ ಕಾಫಿ ಆರುವ ಮೊದಲೇ ಅದು ಆರಿಹೋಗುತ್ತಿತ್ತು. ಒಮ್ಮೆ ಅಡುಗೆಮನೆಗೆ ಇಣುಕಿದಾಗ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು. ಮಂಡಿಗೆ ಹಚ್ಚುವ ಎಣ್ಣೆಯ ಸೀಸೆಗೆ ದೂಳು ಹಿಡಿದಿತ್ತು. ಪಾಪ, ಎಣ್ಣೆ ತಿಕ್ಕಿಕೊಳ್ಳಲೂ ಪುರುಸೊತ್ತಿಲ್ಲ ಎಂದುಕೊಂಡಳು. ಅಷ್ಟರಲ್ಲಿ "ನೀ ಎಂತಕ್ಕೆ ಬಂದೆ? ಹೋಗು, ಬಿದ್ಕ" ಎಂದು ಅತ್ತೆ ಅಟ್ಟಿದ್ದರು.

ಔಷಧಿ ನಿಂತರೆ ಇದೆಲ್ಲ ನಿಲ್ಲುತ್ತದೆ. ಗಟ್ಟಿಮುಟ್ಟಾದ ಸೊಸೆಗೆ ಯಾವ ಅತ್ತೆ ಕಡುಬು ಬಡಿಸುತ್ತಾಳೆ?

ಗುರುವಾರ ಹೊಟ್ಟೆ ಕೆಟ್ಟಿತು. ನಾಲ್ಕನೆಯ ಸಲ ಪಾಯಿಖಾನೆಯಲ್ಲಿ ಕೂತಾಗ ಡಾಕ್ಟರ ನಾಯಿ ನೆನಪಾಯಿತು. ಕರುಳಿಗೇ ಬಾಯಿ ಹಾಕಿತೇ? ಸಂಜೆಯ ಹೊತ್ತಿಗೆ ಅದು ಬುಧವಾರ ರಾತ್ರಿಯೂ ಮಾಡಿದ್ದ ಏಡಿ ಸಾರನ್ನು ಮೂರು ಸಲ ಹಾಕಿಸಿಕೊಂಡ ಫಲವೆಂದು ಖಚಿತವಾಯಿತು. ಆದರೆ ತೀರ್ಮಾನವೂ ಅಲ್ಲೇ ಆಗಿಬಿಟ್ಟಿತ್ತು. ಕಾಫಿಯ ಆಸೆಗೆ ಕರುಳು ಕೊಡುವುದು ಅತಿಯಾಯಿತು.

ಗಂಡನಿಗೆ ನಿಜ ಹೇಳಿದಳು. "ನಿನ್ ಮೈ ಮಾರಾಯ್ತಿ, ನೀ ಹೇಳ್ದಂಗೆ" ಎಂದ ಪ್ರಕಾಶ ಮೋರೆ ತಿರುಗಿಸಿ ಕಣ್ಣೊರೆಸಿಕೊಂಡ. ಮಗಳು ಫೋನಿನಲ್ಲಿ ಕೇಳಿದಳು: "ತಿರುಗಿ ಬಂದ್ರೆ ಅಂತ ಹೆದ್ರಿಕೆ ಆಗಲ್ವಾ ಅಮ್ಮಾ?"

"ಆಗ್ತದೆ. ಡ್ರಿಪ್ ಹಾಕಿಸ್ಕಂಡಾಗ್ಲೂ ಆಗ್ತಿತ್ತು. ಮೂರು ತಿಂಗಳಿಗೊಂದು ಸ್ಕ್ಯಾನ್ ಇದ್ದೇ ಇದೆಯಲ್ಲ."

ಉಳಿದವರು ಗಿರಿಯಮ್ಮ. ಅವರು ಒಲೆಯ ಮುಂದಿದ್ದರು. "ಅತ್ತೆ, ಔಷಧಿ ಸಾಕಂತೆ. ನೀವು ಸವೆದದ್ದೂ ಸಾಕು. ನಾಳೆಯಿಂದ ಅಡುಗೆ ನಂದೇ."

ಸೌಟು ನೆಲಕ್ಕೆ ಬಿತ್ತು. "ಎಂತ ಅವಸರ ನಿಂಗೆ? ಕಾಯಿಲೆ ಅಂದ್ರೆ ಕೊಪ್ಪದ ಬಸ್ಸಾ, ಬೇಕಾದಲ್ಲಿ ಇಳಿಯಾಕೆ? ಇನ್ನೊಂದು ವರ್ಷ ಹಾಕ್ಸ್ಕ. ನಾ ಇದೀನಲ್ಲ ಮಾಡಿ ಹಾಕಾಕೆ!" ಮುದುಕಿಯ ಕಣ್ಣು ತುಂಬಿಬಂತು.

ಪ್ರೇಮಕ್ಕ ನಿಂತಲ್ಲೇ ಕರಗಿಹೋದಳು. ಇಷ್ಟು ಪ್ರೀತಿ ಇಟ್ಟುಕೊಂಡವರ ನರಳಾಟ ಕೇಳಿ ತಾನು ಸುಖಪಟ್ಟೆನಲ್ಲ! ಅತ್ತೆಯನ್ನು ಅಪ್ಪಿಕೊಂಡು ಅತ್ತಳು. ಗಿರಿಯಮ್ಮ ಇನ್ನೂ ಜೋರಾಗಿ ಅತ್ತರು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, ನಿಲ್ಲಿಸುವುದೆಂದು ತೀರ್ಮಾನಿಸಿದ್ದೇವೆ ಎಂದಳು.

"ನಿಲ್ಲಿಸೋದಾ?" ನರ್ಸಿಗೆ ಆಶ್ಚರ್ಯ. "ಏನು ತೀರ್ಮಾನ ಮಾಡಿದ್ರಿ ಅಂತ ಕೇಳೋಕೆ ಮಂಗಳವಾರ ನಾನೇ ಫೋನ್ ಮಾಡಿದ್ದೆ. ನೀವು ಮಲಗಿದ್ರಂತೆ, ನಿಮ್ಮ ಅತ್ತೆ ಎತ್ತಿದ್ರು. ನಿಲ್ಲಿಸೋದೇ ಬೇಡ, ಇನ್ನೊಂದು ವರ್ಷ ಕೊಡಿ ಅಂತ ಅಷ್ಟು ಹೇಳಿದ್ರು ಪಾಪ."

ಪ್ರೇಮಕ್ಕ ಅಡುಗೆಮನೆಯ ಕಡೆ ನೋಡಿದಳು. "ನನ್ನ ಮೇಲೆ ಜೀವ ಅವರಿಗೆ."

"ಹೌದಮ್ಮ, ಇನ್ನೊಂದು ಮಾತೂ ಕೇಳಿದ್ರು. ನಿಲ್ಲಿಸಲೇಬೇಕು ಅಂತಾದ್ರೆ, ಸೊಸೆ ಇನ್ನು ಜನ್ಮದಲ್ಲಿ ಅಡುಗೆಮನೆಗೆ ಕಾಲಿಡಬಾರದು ಅಂತ ಡಾಕ್ಟರ ಕೈಲಿ ಒಂದು ಚೀಟಿ ಬರೆಸಿಕೊಡ್ತೀರಾ ಅಂತ. ಮೂವತ್ತು ವರ್ಷದ ಮೇಲೆ ಸೌಟು ತಮ್ಮ ಕೈಗೆ ಬಂದಿದೆಯಂತೆ."