ಮೂರನೆಯ ಚೀಟಿ

ಸೊಸೆಯ ಕೈ ಡಬ್ಬಿಯ ಬಾಯಿ ಮುಟ್ಟುವವರೆಗೂ ಅತ್ತೆ ರೆಪ್ಪೆ ಹೊಡೆಯಲಿಲ್ಲ.

ಕ್ರಿಸ್ಮಸ್ ಹಬ್ಬದ ಮಧ್ಯಾಹ್ನ. ಬೆಳಗಿನ ಆರಾಧನೆ ಮುಗಿದಿತ್ತು. ಮೇಜಿನ ಮೇಲೆ ಕೇಕು, ಹುರಿದ ಮಾಂಸ, ನಾಲ್ಕು ತಟ್ಟೆಗಳು. ಹಿಂದಿನ ವರ್ಷ ಐದಿದ್ದವು. ಬಾಗಿಲ ಬಳಿ ಸೊಸೆಯ ಟ್ರಂಕು ಬೀಗ ಹಾಕಿಸಿಕೊಂಡು ನಿಂತಿತ್ತು. ಊಟ ಮುಗಿಸಿ ತವರಿಗೆ ಹೊರಟವಳು ಮರಳಿ ಈ ಹೊಸ್ತಿಲು ತುಳಿಯಕೂಡದೆಂದು ಅತ್ತೆಯ ತೀರ್ಪಾಗಿತ್ತು. ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಹಿರಿಮಗ ಅದನ್ನು ಒಪ್ಪಿರಲಿಲ್ಲ, ತಡೆದೂ ಇರಲಿಲ್ಲ. ತಾಯಿಯ ಶೋಕದೆದುರು ಅವನ ನಾಲಿಗೆ ಏಳುತ್ತಿರಲಿಲ್ಲ.

ಆ ಮನೆಗೆ ಮೂರು ತಲೆಮಾರಿನ ನಿಯಮವೊಂದಿತ್ತು. ಹಬ್ಬದ ಊಟಕ್ಕೆ ಮುನ್ನ, ವರ್ಷದಲ್ಲಿ ತಾವೆಸಗಿದ ಒಂದು ತಪ್ಪನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಯಜಮಾನನು ಒಂದೊಂದನ್ನೇ ಓದಿ, ದೇವರಲ್ಲಿ ಕ್ಷಮೆ ಬೇಡಿ, ಮೇಣದ ಬತ್ತಿಗೆ ಹಿಡಿಯಬೇಕು. ಓದುವವನು ಬರೆಯುವಂತಿಲ್ಲ, ಬೇರೆಯವರು ಚೀಟಿ ನೋಡುವಂತಿಲ್ಲ. ಬರೆದವರಾರೆಂದು ಯಾರೂ ಕೇಳುವಂತಿಲ್ಲ.

ಯಜಮಾನನದು ಪುಸ್ತಕ ಬೈಂಡಿಂಗಿನ ಕಸುಬು. ಮುಂದಿನ ಕೋಣೆಯೇ ಅಂಗಡಿ: ದಬ್ಬಣ, ಮೇಣ ಸವರಿದ ದಾರ, ರಟ್ಟು, ಅಂಟು ಕಾಯಿಸುವ ಪುಟ್ಟ ಒಲೆ. ಕಿರಿಮಗ ಆ ಕಸುಬು ತನಗೆ ಬೇಡವೆಂದ. ಮಾತಿಗೆ ಮಾತು ಬೆಳೆಯಿತು; ಜನವರಿಯಲ್ಲಿ ಮನೆ ಬಿಟ್ಟ. ಜುಲೈನಲ್ಲಿ, ದೂರದೂರಿನ ಬಾಡಿಗೆ ಕೋಣೆಯೊಂದರಲ್ಲಿ, ಜ್ವರದಿಂದ ತೀರಿಕೊಂಡ. ಅವನ ಬಟ್ಟೆಬರೆ ತಂದುಕೊಟ್ಟ ಗೆಳೆಯನ ಒಂದು ಮಾತು ಮನೆಯನ್ನೇ ಸೀಳಿತು.

“ಈಸ್ಟರ್‌ಗೆ ಮುಂಚೆ ಮನೆಗೆ ಕಾಗದ ಹಾಕಿದ್ದ. ‘ಬಾ’ ಅಂತ ಒಂದು ಸಾಲು ಬಂದ್ರೆ ಸಾಕು, ಹೊರಟುಬಿಡ್ತೀನಿ ಅಂತಿದ್ದ. ದಿನಾ ಅಂಚೆಯವನ ದಾರಿ ನೋಡ್ತಿದ್ದ.”

ಅಂಚೆಯವನಿಂದ ಕಾಗದಗಳನ್ನು ಈಸಿಕೊಳ್ಳುತ್ತಿದ್ದವಳು ಸೊಸೆ. ಅವಳಿಗೂ ಮೈದುನನಿಗೂ ಎಣ್ಣೆ ಸೀಗೆಕಾಯಿಯೆಂಬುದು ಬೀದಿಗೇ ಗೊತ್ತಿದ್ದ ಸಂಗತಿ. ಬಂದದ್ದನ್ನೆಲ್ಲ ಎಂದಿನಂತೆ ಒಳಗೆ ತಂದಿಟ್ಟಿರಬೇಕು, ಯಾವುದು ಯಾರದೆಂದು ನೋಡಿದ ನೆನಪಿಲ್ಲ ಎಂದಳು. ಅಂದಿನಿಂದ ಅತ್ತೆ ಅವಳ ಮುಖ ನೋಡಿ ಮಾತಾಡಿರಲಿಲ್ಲ.

ಇಂದು ಮಾತಾಡಿದಳು.

“ಬರೆಯೋಕೆ ನನ್ನ ಹತ್ರ ಏನೂ ಇಲ್ಲ ಅತ್ತೆ,” ಎಂದು ಸೊಸೆ ಚೀಟಿಯನ್ನು ಸರಿಸಿದ್ದೇ ತಡ, ಅತ್ತೆ ಸಿಡಿದಳು.

“ಓಹೋ! ದೇವದೂತರೇ ಇಳಿದು ಬಂದು ನಮ್ಮನೆ ಸೊಸೆ ಆಗಿದಾರೆ ನೋಡಿ! ಚೀಟಿ ಹಾಕದೆ ಈ ಮೇಜಿಗೆ ಯಾರೂ ಕೂತಿಲ್ಲಮ್ಮಾ, ನೀನೇ ಮೊದಲು ಆಗ್ಬೇಡ.”

ಸೊಸೆ ಗೋಡೆಯತ್ತ ತಿರುಗಿದಳು. ಕ್ಷಣದಲ್ಲೇ ಮರಳಿದಳು. ಚೀಟಿ ನಾಲ್ಕು ಮಡಿಕೆಯಾಗಿ ಡಬ್ಬಿಗೆ ಬಿತ್ತು. ಇಷ್ಟು ಬೇಗ ಬರೆದಳೆಂದರೆ ಪಾಪ ನಾಲಿಗೆಯ ತುದಿಯಲ್ಲೇ ಇತ್ತೆಂದು ಅತ್ತೆ ಗ್ರಹಿಸಿದಳು.

“ಅಪ್ಪಾ, ಪಾಪ ಎಲ್ಲೂ ಓಡಿಹೋಗಲ್ಲ, ಮಾಂಸ ಆರಿಹೋಗುತ್ತೆ. ಮೊದಲು ಊಟ ಮಾಡೋಣ್ವಾ?” ಎಂದ ಹಿರಿಮಗ.

ಯಜಮಾನ ಡಬ್ಬಿಯನ್ನು ಕುಲುಕಿದ. ಕನ್ನಡಕವೇರಿಸಿ ಮೊದಲನೆಯದನ್ನು ಬಿಡಿಸಿದ.

“‘ಮಾತಾಡಬೇಕಾದ ಕಡೆ ಸುಮ್ಮನಿದ್ದೆ. ಹೆಂಡತಿಗೆ ಗಂಡನಾಗಲಿಲ್ಲ.’”

ಹಿರಿಮಗ ತಟ್ಟೆಯ ಅಂಚನ್ನು ದಿಟ್ಟಿಸಿದ. ಚೀಟಿ ಉರಿದು ಕಪ್ಪಾಯಿತು. ಎರಡನೆಯದು ಬಂತು.

“‘ಹೋದ ಮಗನಿಗಾಗಿ ಅತ್ತು, ಉಳಿದ ಮಗನನ್ನು ಮರೆತೆ.’”

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. ಇನ್ನುಳಿದದ್ದು ಒಂದು, ಅದು ಯಾರದೆಂದು ಹೇಳುವ ಅಗತ್ಯವಿರಲಿಲ್ಲ.

ಯಜಮಾನ ಮೂರನೆಯದನ್ನು ಬಿಡಿಸಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡ. ಆ ಬಳಿಕ ಒಂದೊಂದೇ ಪದವನ್ನು ಕಿತ್ತು ತೆಗೆದಂತೆ ಓದಿದ.

“‘ಅವನ ಕಾಗದ ನನ್ನ ಕೈಗೆ ಬಂದಿತ್ತು. ಮೇಲಿನ ಅಕ್ಷರ ನೋಡಿಯೇ ಗುರುತಾಯಿತು. ಒಡೆಯದೆ ಒಲೆಗೆ ಹಾಕಿದೆ. ಇನ್ನೂ ಕೆಲವು ದಿನ ನರಳಲಿ ಎಂದುಕೊಂಡೆ. ಅಷ್ಟು ದಿನ ಅವನ ಬಳಿ ಉಳಿದಿರಲಿಲ್ಲ.’”

ಅತ್ತೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

“ಕೇಳಿದ್ಯೇನೋ? ಈ ಮನೇಲಿ ಒಲೆ ಮುಂದೆ ನಿಲ್ಲೋಳು ಯಾರು ಅಂತ ಇನ್ನು ಊರನ್ನ ಕೇಳ್ಕೊಂಡು ಬರ್ಬೇಕಾ? ಅದೇ ಕೈಯಲ್ಲಿ ಆರು ತಿಂಗಳಿಂದ ನಂಗೆ ಊಟ ಬಡಿಸಿದಾಳಲ್ಲೋ!”

“ನೀನಾ?” ಎಂದ ಹಿರಿಮಗ.

ಸೊಸೆ ಗಂಡನತ್ತ ನೋಡಲಿಲ್ಲ. ಅವಳ ದೃಷ್ಟಿ ಯಜಮಾನನ ಮುಖದಲ್ಲಿ ನೆಟ್ಟಿತ್ತು.

“ಮಾವಾ, ಅದರಲ್ಲಿ ಹಾಗೆ ಬರೆದಿದೆಯಾ?”

“ಬರೆದೋಳಿಗೆ ಗೊತ್ತಿಲ್ವಾ? ಊಟವೂ ಬೇಡ, ಉಪಚಾರವೂ ಬೇಡ, ಹೊರಡು!” ಅತ್ತೆಯ ಕೈ ಬಾಗಿಲು ತೋರಿತು.

ಸೊಸೆ ಹೋಗಿ ಟ್ರಂಕಿನ ಹಿಡಿಗೆ ಕೈ ಹಾಕಿದಳು.

ಯಜಮಾನನ ಕೈ ಅಭ್ಯಾಸಬಲದಿಂದ ಮೇಣದ ಬತ್ತಿಯತ್ತ ಸಾಗಿತ್ತು. ಇನ್ನೊಂದು ಬೆರಳಿನಷ್ಟು ಮುಂದೆ ಸಾಗಿದ್ದರೆ ಎಲ್ಲವೂ ಬೂದಿ. ಅವಳು ಬಸ್ಸು ಹತ್ತುತ್ತಿದ್ದಳು, ಮನೆಯ ನಿಯಮ ನಿಯಮವಾಗಿಯೇ ಉಳಿಯುತ್ತಿತ್ತು. ಚೀಟಿಯ ಮೂಲೆ ಕಂದಿತು. ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

“ನಿಲ್ಲಮ್ಮಾ,” ಎಂದ ಸೊಸೆಗೆ. ಹೆಂಡತಿಯ ಮುಂದೆ ಚೀಟಿ ಹಿಡಿದ. “ತಗೋ. ನೀನೇ ಓದು.”

“ಅಪ್ಪಾ, ಬೇರೆಯವರು ನೋಡೋ ಹಾಗಿಲ್ಲ ಅಂತ…”

“ಸುಮ್ನಿರೋ. ಓದಲಿ.”

ಅತ್ತೆ ಅದನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದೆ ತಿರುಗಿಸಿದಳು. ಮತ್ತೆ ಮುಂದೆ ತಿರುಗಿಸಿದಳು.

ಎರಡು ಬದಿಯಲ್ಲೂ ಒಂದಕ್ಷರವೂ ಇರಲಿಲ್ಲ.