ಉಮಾವತಿ ಒತ್ತಿದ ಗುಂಡಿ

ಇದು ನಡೆದದ್ದೇ, ಬೇಕಾದರೆ ಗಂಗೊಳ್ಳಿ ಅಳಿವೆಯಲ್ಲಿ ಕುತ್ತಿಗೆಮಟ್ಟ ನೀರಲ್ಲಿ ನಿಂತು ಹೇಳಬಹುದು. ಮೀನು ಮಾರುವ ಉಮಾವತಿ ಐಸ್ ಪ್ಲಾಂಟಿನ ಕಿಟಕಿಗೆ ಕೂರಿಸಿದ ಹೊಸ ಯಂತ್ರದಲ್ಲಿ 'ದರ' ಎಂಬ ಗುಂಡಿ ಒತ್ತಿದಳು. ಒಂದು ಬ್ಲಾಕಿಗೆ ನೂರ ನಲವತ್ತು ಎಂದು ಬಂತು. ಪಕ್ಕದಲ್ಲೇ 'ಒಪ್ಪಿಗೆ' ಎಂಬ ಹಸಿರು ಗುಂಡಿ. ಅದರತ್ತ ಅವಳು ತಿರುಗಿಯೂ ನೋಡಲಿಲ್ಲ. ಮೊದಲು ಹೇಳಿದ ದರಕ್ಕೆ ಹೂಂ ಅನ್ನುವವಳಿಗೆ ಮೀನುಪೇಟೆಯಲ್ಲಿ ಕೂರಲು ಯಾರು ಜಾಗ ಕೊಡುತ್ತಾರೆ?

"ಎಂತದಾ ನೂರ ನಲ್ವತ್ತ್? ಸಮಾ ಹೇಳ್!" ಎಂದು ಮತ್ತೆ ಒತ್ತಿದಳು. ನೂರ ನಲವತ್ತು. ಮತ್ತೆ ಒತ್ತಿದಳು. ಎಂಟು ಬುಟ್ಟಿ ಬಂಗುಡೆ ಬಿಸಿಲಲ್ಲಿತ್ತು. ಹನ್ನೊಂದರೊಳಗೆ ಐಸ್ ಬೀಳದಿದ್ದರೆ ಅಷ್ಟೂ ತೆಂಗಿನಬುಡಕ್ಕೆ. ಆದರೂ ಒತ್ತಿದಳು. ನಲವತ್ತೊಂದನೇ ಸಲಕ್ಕೆ ಪರದೆ ಮರಗಟ್ಟಿತು.

ಪರದೆಯೊಂದೇ ಆಗಿದ್ದರೆ ಹೋಗಲಿ. ಬಂದರಿನ ತಕ್ಕಡಿಯ ಮುಳ್ಳು ಅರ್ಧದಲ್ಲಿ ನಿಂತಿತು. ಡೀಸೆಲ್ ಪೈಪಿನ ಬಾಯಲ್ಲಿ ಒಂದು ಹನಿ ಬೀಳದೆ ನೇತಾಡಿತು. ಏಲಂ ಕೂಗುವವನು "ಮೂರು ಸಾವಿರದ..." ಎಂದು ತೆರೆದ ಬಾಯಿ ಮುಚ್ಚಲಿಲ್ಲ, ಬೋರ್ಡಿನಲ್ಲಿ ಮುಂದಿನ ಅಂಕಿ ಬಾರದೆ ಅವನು ಹೇಳುವ ಹಾಗಿಲ್ಲ. ಮೀನು ಕಚ್ಚಿಕೊಂಡು ಹಾರಿದ ಹದ್ದು ಕೂಡ ಆಕಾಶದಲ್ಲೇ ನಿಂತುಬಿಟ್ಟಿತು. ತೂಕವಾಗದ ಮೀನು ಒಯ್ಯಲು ಅದಕ್ಕೂ ಧೈರ್ಯ ಬರಲಿಲ್ಲ.

ಕಂಪ್ಯೂಟರ್ ನೋಡಿಕೊಳ್ಳುವ ಜಿತೇಂದ್ರ ಓಡಿ ಬಂದ. "ಅಕ್ಕಾ, ಎಂತ ಮಾಡ್ದ್ರಿ?"

"ರೇಟ್ ಕೇಂಡದ್ದ್. ಕೇಂಬುಕಾಗದಾ?"

"ಒಳ್ಗಿಪ್ಪುದ್ ಒಂದೇ ಕಂಪ್ಯೂಟರ್ ಅಕ್ಕಾ. ಒಂದ್ ಮನಿಯಂಗ್ ನಾಲ್ಕ್ ಬಿಡಾರ ಇದ್ದಂಗೆ. ಐಸಿಂದ್, ತೂಕದ್ದ್, ಡೀಸೆಲಿಂದ್, ಏಲಮಿಂದ್. ಕೆಳ್ಗ್ ಯಜಮಾನ ಒಬ್ನೇ. ನೀವ್ ಐಸಿನ ಬಿಡಾರದಂಗ್ ಕೇಂಡದ್ದನ್ನೇ ಕೇಂಡ್ರಿ. ಅವ ನಿಮ್ಗ್ ಉತ್ರ ಕೊಡುಕ್ ಹೋಯಿ ಉಳ್ದವ್ರನ್ನೆಲ್ಲ ಮರ್ತ. ಇಂಥದ್ದೊಂದ್ ತೂತ್ ಇತ್ತಂದೇಳಿ ಇದನ್ನ್ ಮಾಡ್ದ ಕಂಪ್ನಿಯವ್ರಿಗೂ ಗೊತ್ತಿಲ್ಲ."

"ಪ್ಲಗ್ ಕಿತ್ತ್ ಹಾಕ್."

"ಕಿತ್ರೆ ಬೆಳಿಗ್ಗಿಂದ್ ಏಲಮಿನ ಲೆಕ್ಕ ಪೂರಾ ಹೋತ್ತ್. ಬೋಟಿನವ್ರ್ ನನ್ನ ಹೊಳಿಗ್ ಹಾಕ್ತ್ರ್. ಕಾಲ್ ಹಿಡಿತೆ ಅಕ್ಕಾ, ನೂರ ನಲ್ವತ್ತಕ್ಕೆ ಒಪ್ಪಿ!"

ಬೋಟಿನವರು ಕೈ ಮುಗಿದರು. ಐಸ್ ಪ್ಲಾಂಟಿನವರು ಕೈ ಮುಗಿದರು. ಉಮಾವತಿ ಬಂಗುಡೆಯ ಕಣ್ಣು ನೋಡಿದಳು, ಮಂಜಾಗತೊಡಗಿತ್ತು. ಎಲ್ಲ ನಿಂತರೂ ಬಿಸಿಲು ನಿಂತಿರಲಿಲ್ಲ, ಅದು ಯಾವ ಕಂಪ್ಯೂಟರಿನ ಬಿಡಾರಕ್ಕೂ ಸೇರಿದ್ದಲ್ಲ. ಅವಳ ಹೆಬ್ಬೆರಳು ಹಸಿರು ಗುಂಡಿಯವರೆಗೆ ಹೋಯಿತು. ಅಲ್ಲಿಂದ ಹಾಗೇ ವಾಪಸು ಬಂತು.

ಅವಳು ಒಂದು ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು ಕಿಟಕಿಗೆ ಬಗ್ಗಿದಳು. "ಹ್ವಾಯ್ ಯಜಮಾನ್ರೇ, ನಾನ್ ಹೋತೆ. ಬೈಂದೂರಂಗೆ ನೂರಕ್ಕೆ ಕೊಡ್ತ್ರ್."

ಒಂದು ಹೆಜ್ಜೆ. ಎರಡು. ಮೂರು. ಹಿಂದೆ ಯಂತ್ರ ಕುಂಯ್ ಎಂದಿತು. ಪರದೆಯಲ್ಲಿ ನೂರ ಇಪ್ಪತ್ತು! ಡೀಸೆಲ್ ಹನಿ ಬಿತ್ತು, ಹದ್ದು ಹಾರಿತು, ಏಲಮಿನವನ ಬಾಯಿ "...ಇನ್ನೂರು!" ಎಂದು ಮುಚ್ಚಿತು.

ಸುದ್ದಿ ಕಂಪನಿಗೆ ಮುಟ್ಟಿತು. ತೂತು ಹುಡುಕಿದವರಿಗೆ ಅವರು ಬಹುಮಾನ ಕೊಡುತ್ತಾರಂತೆ. ಫೋನ್ ಮಾಡಿ ಇಂತಿಷ್ಟು ಲಕ್ಷ ಎಂದರು.

"ಸಮಾ ಹೇಳಿ," ಎಂದಳು ಉಮಾವತಿ.

ಅಷ್ಟೇ. ಮೂರು ದಿನದಿಂದ ಆ ಕಂಪನಿ ಪೂರ್ತಿ ಮರಗಟ್ಟಿ ಕೂತಿದೆ. ಇತ್ತ ಅವಳ ಫೋನೂ ಅಷ್ಟೇ, ಕಲ್ಲು. ತಾನು ಬೈಂದೂರಿಗೆ ಹೊರಟೆ ಎಂದು ಅವರಿಗೊಂದು ಮಾತು ತಿಳಿಸಿದರೆ ಸಾಕಂತೆ, ಎಲ್ಲ ಸರಿಹೋಗುತ್ತದೆ. ಎಲ್ಲಿ, ಅವಳು ಮಾತಾಡಲಿ, ನಿಮ್ಮ ಫೋನು ಸ್ವಲ್ಪ ಇತ್ತ ಕೊಡಿ.